ಅಂಚೆವೆಚ್ಚದಲ್ಲಿ ಅಡಗಿದ ಬೆಲೆ

1995ರಲ್ಲಿ ಅಮೆರಿಕದಲ್ಲಿ ಆರಂಭವಾದ ಇಬೇ ಅಂತರ್ಜಾಲ ಹರಾಜಿನಲ್ಲಿ ಒಂದು ಜಾಣತನ ಬೆಳೆಯಿತು. ವಸ್ತುವಿನ ಬೆಲೆ ಒಂದು ಸೆಂಟ್. ಅಂಚೆವೆಚ್ಚ ಹಲವು ಡಾಲರ್. ಸಂಸ್ಥೆ ವಸ್ತುವಿನ ಬೆಲೆಯ ಮೇಲೆ ಮಾತ್ರ ಶುಲ್ಕ ಪಡೆಯುತ್ತಿದ್ದುದರಿಂದ ಮಾರುವವನಿಗೆ ಎರಡು ಲಾಭ: ಶುಲ್ಕವೂ ಉಳಿಯಿತು, ಅಗ್ಗವೆಂದು ನಂಬಿ ಗಿರಾಕಿಯೂ ಬಂದ. ತಕರಾರು ಎದ್ದರೆ ಉತ್ತರ ಸಿದ್ಧ: ‘ಕೆಳಗೆ ಬರೆದಿದ್ದೆನಲ್ಲ, ನೀವೇಕೆ ಓದಲಿಲ್ಲ?’

ಬರೆದಿದ್ದರೆ ಅದು ಮೋಸವಲ್ಲವೇ? ಕಣ್ಣಿಗೆ ಬೀಳಬಾರದೆಂದೇ ಬರೆದದ್ದನ್ನು ತಿಳಿಸಿದಂತೆ ಎಂದು ನಾವು ಒಪ್ಪಲಾರೆವು. ಓದದಿರುವುದು ಗಿರಾಕಿಯ ತಪ್ಪಿರಬಹುದು; ಆ ತಪ್ಪನ್ನೇ ಬಂಡವಾಳ ಮಾಡಿಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ಇಲ್ಲಿ ಸೋಲುವವನು ಗಿರಾಕಿ ಮಾತ್ರವಲ್ಲ. ಪೂರ್ತಿ ಬೆಲೆಯನ್ನು ಮೊದಲೇ ಹೇಳಿದ ಪ್ರಾಮಾಣಿಕ ವ್ಯಾಪಾರಿಯೇ ದುಬಾರಿಯವನಾಗಿ ಕಾಣುತ್ತಾನೆ.

2011ರಲ್ಲಿ ಇಬೇ ಅಮೆರಿಕದಲ್ಲಿ ಅಂಚೆವೆಚ್ಚದ ಮೇಲೂ ಶುಲ್ಕ ವಿಧಿಸಿತು. ಆನ್‌ಲೈನ್ ವ್ಯಾಪಾರದಲ್ಲಿ ಪೂರ್ತಿ ಬೆಲೆಯನ್ನು ಮೊದಲೇ ತಿಳಿಸದಿರುವುದನ್ನು ಭಾರತದ 2023ರ ಮಾರ್ಗಸೂಚಿಯೂ ವಂಚನೆಯ ತಂತ್ರಗಳ ಪಟ್ಟಿಗೆ ಸೇರಿಸಿತು. ಆದರೆ ಕಾನೂನು ಒಂದು ಬಾಗಿಲು ಮುಚ್ಚಿದರೆ ಜಾಣತನ ಇನ್ನೊಂದನ್ನು ಹುಡುಕುತ್ತದೆ. ಎಲ್ಲವೂ ತಿಳಿದಿದ್ದರೆ ಗಿರಾಕಿ ಈ ವ್ಯಾಪಾರಕ್ಕೆ ಒಪ್ಪುತ್ತಿದ್ದನೇ? ಮಾರುವ ಮುನ್ನ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.