ಮನೆ ಎತ್ತಿಸಿದರೆ ವಾಸ್ತುಪುರುಷ ಕೆಳಗೇ ಉಳಿಯುತ್ತಾನೆಯೇ?

ಪ್ರಶ್ನೆ: ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ ನಮ್ಮ ತಂದೆಯವರು 1979ರಲ್ಲಿ ಕಟ್ಟಿಸಿದ ಮನೆ ನಮ್ಮದು. ಆಗ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಒಳಗೆ ಬರಬೇಕಿತ್ತು. ಟಾರಿನ ಮೇಲೆ ಟಾರು ಹಾಕಿ ಹಾಕಿ ಈಗ ರಸ್ತೆಯಿಂದ ಒಂದು ಮೆಟ್ಟಿಲು ಇಳಿದು ಮನೆಗೆ ಬರುವಂತಾಗಿದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ನಡುಮನೆಗೆ ಮೊಣಕಾಲುದ್ದ ನೀರು ಬಂತು. ಅಮ್ಮನನ್ನು ಮಂಚದ ಮೇಲೆ ಕೂರಿಸಿ, ದೇವರ ಪೆಟ್ಟಿಗೆಯನ್ನು ಅವರ ಮಡಿಲಲ್ಲಿಟ್ಟು ರಾತ್ರಿ ಕಳೆದೆವು. ಆಮೇಲೂ ಎರಡು ಸಲ ನೀರು ಬಂದಿದೆ. ಕೆಡವಿ ಕಟ್ಟುವ ಶಕ್ತಿ ನಮಗಿಲ್ಲ. ಜ್ಯಾಕ್ ಕೊಟ್ಟು ಇಡೀ ಮನೆಯನ್ನೇ ಎತ್ತುವವರನ್ನು ಕರೆಸಿ ತೋರಿಸಿದ್ದೇವೆ. ನಾಲ್ಕು ಅಡಿ ಸಾಕು ಅಂತ ನಾನು. ಒಂಬತ್ತು ಅಡಿ ಎತ್ತಿಸಿ ಕೆಳಗೆ ಪಾರ್ಕಿಂಗು, ಬಾಡಿಗೆಗೆ ಎರಡು ರೂಮು ಕಟ್ಟೋಣ ಅಂತ ನನ್ನ ತಮ್ಮ. ಅಮ್ಮನಿಗೆ ಈಗ 81. "ನಾನು ಹೋದ ಮೇಲೆ ಏನಾದ್ರೂ ಮಾಡ್ಕೊಳ್ಳಿ" ಅಂದುಬಿಟ್ಟಿದ್ದಾರೆ. ಈ ನಡುವೆ ಪರಿಚಯದ ಜ್ಯೋತಿಷಿಯೊಬ್ಬರು, ಬುಡ ಬಿಟ್ಟ ಮನೆ ಯಜಮಾನನಿಗೆ ಆಗಿಬರುವುದಿಲ್ಲ, ವಾಸ್ತುಪುರುಷ ಕೆಳಗೇ ಉಳಿದುಬಿಡುತ್ತಾನೆ, ಪರಿಹಾರಕ್ಕೆ 85 ಸಾವಿರ ಆಗುತ್ತೆ ಅಂದಿದ್ದಾರೆ. ಪಾಯಕ್ಕೆ ಹಾಕಿದ ನವರತ್ನದ ಗತಿ ಏನು? ದೇವರನ್ನು ಎಲ್ಲಿಡಬೇಕು? ಮತ್ತೆ ಗೃಹಪ್ರವೇಶ ಬೇಕೇ? ಫಾಲ್ಗುಣದಲ್ಲಿ ಕೆಲಸದ ಮಧ್ಯೆ ತಂದೆಯವರ ಶ್ರಾದ್ಧ ಬರುತ್ತದೆ, ಅದನ್ನು ಎಲ್ಲಿ ಮಾಡುವುದು?

— ಹೆಸರು ಬೇಡವೆಂದಿರುವ ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ. ಮೊದಲು ಭಯದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ, ಯಾಕೆಂದರೆ ಅದು ಮನಸ್ಸಿನಲ್ಲಿ ಕೂತಿರುವಾಗ ಉಳಿದ ಮಾತು ಕಿವಿಗೆ ಬೀಳುವುದಿಲ್ಲ.

ವಾಸ್ತುಪುರುಷನ ಕಥೆ ಮತ್ಸ್ಯಪುರಾಣದಲ್ಲಿದೆ. ಅಂಧಕಾಸುರನೊಡನೆ ಯುದ್ಧ ಮಾಡುವಾಗ ಶಿವನ ಬೆವರು ನೆಲಕ್ಕೆ ಬಿತ್ತು, ಅದರಿಂದ ಒಂದು ಭಾರೀ ಭೂತ ಹುಟ್ಟಿತು, ಲೋಕವನ್ನೇ ನುಂಗಲು ಹೊರಟಿತು. ದೇವತೆಗಳೆಲ್ಲ ಸೇರಿ ಅದನ್ನು ನೆಲಕ್ಕೆ ಕೆಡವಿ ಒತ್ತಿ ಹಿಡಿದರು. ಯಾರು ಎಲ್ಲಿ ಹಿಡಿದರೋ ಅಲ್ಲೇ ನೆಲೆನಿಂತರು, ನಡುವೆ ಬ್ರಹ್ಮ. "ಹೀಗೆ ಬಿದ್ದುಕೊಂಡು ನಾನು ಬದುಕುವುದು ಹೇಗೆ?" ಎಂದು ಅವನು ಕೇಳಿದಾಗ, ಮನೆ ಕಟ್ಟುವವರು ಕೊಡುವ ಪೂಜೆ, ಬಲಿ ನಿನ್ನದು ಎಂದರು. ಅಂದಮೇಲೆ ಅವನು ನೆಲದವನು, ನಿವೇಶನದವನು. ಇಟ್ಟಿಗೆ, ಗಾರೆಗೆ ಅಂಟಿಕೊಂಡವನಲ್ಲ. "ಕೆಳಗೇ ಉಳಿದುಬಿಡುತ್ತಾನೆ" ಎಂದು ಹೆದರಿಸಿದ್ದಾರಲ್ಲ, ಅವನು ಕೆಳಗೇ ಇರಬೇಕಾದವನು ಸ್ವಾಮಿ! ಮೇಲೆದ್ದು ಬಂದರೆ ಆಗ ಗಾಬರಿಯಾಗಬೇಕು. ಮನೆ ನಾಲ್ಕು ಅಡಿ ಮೇಲಿದ್ದರೂ ನಲವತ್ತು ಅಡಿ ಮೇಲಿದ್ದರೂ ಅದೇ ನಿವೇಶನ, ಅದೇ ದಿಕ್ಕು, ಅದೇ ಈಶಾನ್ಯ. ಹತ್ತನೇ ಮಹಡಿಯಲ್ಲಿ ಫ್ಲಾಟ್ ಕೊಂಡವರು ಗೃಹಪ್ರವೇಶ ಮಾಡಿ ಸುಖವಾಗಿಲ್ಲವೇ?

"ಬುಡ ಬಿಟ್ಟ ಮನೆ ಯಜಮಾನನಿಗೆ ಆಗದು" ಎಂಬುದು ಯಾವ ಗ್ರಂಥದ ಎಷ್ಟನೇ ಅಧ್ಯಾಯದಲ್ಲಿದೆ ಎಂದು ಆ ಜ್ಯೋತಿಷಿಗಳನ್ನೇ ವಿನಯದಿಂದ ಕೇಳಿ. ದೇವಸ್ಥಾನಗಳೇ ಜಾಗ ಬಿಟ್ಟು ಎದ್ದು ಬಂದಿವೆ. ಕೆ.ಆರ್.ಎಸ್. ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಸಾಲುಸಾಲಾಗಿ ಜನ ಹೋಗಿ ದರ್ಶನ ಮಾಡಿ ಬರುತ್ತಾರೆ. ದೇವರೇ ಒಪ್ಪಿಕೊಂಡಿದ್ದನ್ನು ನಿಮ್ಮ ಮನೆಯ ಗೋಡೆ ಒಪ್ಪದೇ? ಮನೆ ಎತ್ತುವುದೂ ಹೊಸ ವಿದ್ಯೆಯಲ್ಲ. ವಿವೇಕಾನಂದರು 1893ರಲ್ಲಿ ಮಾತನಾಡಿದ ಶಿಕಾಗೋ ನಗರದಲ್ಲಿ, ಅದಕ್ಕೂ 35 ವರ್ಷ ಮೊದಲೇ, 1858ರಲ್ಲಿ, ನಾಲ್ಕು ಅಂತಸ್ತಿನ ಇಟ್ಟಿಗೆ ಕಟ್ಟಡವನ್ನು ಇನ್ನೂರು ತಿರುಪಿನ ಜ್ಯಾಕುಗಳಿಂದ ಆರಡಿಗೂ ಮಿಕ್ಕು ಎತ್ತಿದ್ದರು. ಅಲ್ಲೂ ಕಾರಣ ನಿಮ್ಮದೇ: ಊರು ತಗ್ಗು, ನೀರು ಹೋಗುತ್ತಿರಲಿಲ್ಲ.

ಆ 85 ಸಾವಿರವನ್ನು ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಗೆ, ಮಣ್ಣು ಪರೀಕ್ಷೆಗೆ ಇಡಿ. ಇದು ತಮಾಷೆಗೆ ಹೇಳಿದ್ದಲ್ಲ. 1979ರ ಮನೆಯೆಂದರೆ ಹೆಚ್ಚಾಗಿ ಗೋಡೆಯೇ ಭಾರ ಹೊರುವ ಮನೆ, ಕಂಬಗಳಿರುವುದಿಲ್ಲ. ನಾಲ್ಕು ಅಡಿ ಎತ್ತಿ ಕೆಳಗೆ ಗೋಡೆ ತುಂಬಿಸುವುದು ಬೇರೆ, ಒಂದು ಪೂರ್ತಿ ಅಂತಸ್ತು ಎತ್ತಿ ಕೆಳಗೆ ಕಾರು ತಿರುಗುವಷ್ಟು ಬಯಲು ಬಿಡುವುದು ಬೇರೆ. ಎರಡನೆಯದಕ್ಕೆ ಹೊಸ ಕಂಬ, ತೊಲೆ ಎಲ್ಲಾ ಬೇಕು, ಪಾಲಿಕೆಯಿಂದ ನಕ್ಷೆ ಮಂಜೂರಾತಿಯೂ ಬೇಕು. ಇದನ್ನು ಎತ್ತುವ ಕಾಂಟ್ರಾಕ್ಟರ್ ಬಾಯಲ್ಲಿ ಕೇಳಬೇಡಿ, ಅವರಿಗೆ ಸಂಬಂಧವಿಲ್ಲದ ಇಂಜಿನಿಯರ್ ಕೈಯಲ್ಲಿ ಬರೆಸಿಕೊಳ್ಳಿ. ಅನುಮತಿಯಿಲ್ಲದೆ ಕಟ್ಟಿದ ಕೋಣೆಯ ಬಾಡಿಗೆಯಲ್ಲಿ ದೇವರ ದೀಪಕ್ಕೆ ಎಣ್ಣೆ ತರುವುದು ನನಗಂತೂ ಸರಿಕಾಣದು.

ಇಂಥ ಒಂದು ಮನೆಗೆ ಪುಣ್ಯಾಹಕ್ಕೆಂದು ನಾನೇ ಹೋಗಿದ್ದೆ. ಗೋಡೆಯ ಪಕ್ಕದಲ್ಲಿ ಮಣ್ಣು ಅಗೆದು, ಗೋಡೆಯ ಬುಡವನ್ನು ಸ್ವಲ್ಪ ಸ್ವಲ್ಪವೇ ಒಡೆದು, ಒಡೆದ ಜಾಗಕ್ಕೆಲ್ಲ ಒಂದೊಂದು ಜ್ಯಾಕ್, ಮೇಲೆ ಕಬ್ಬಿಣದ ಚಾನಲ್. ಎಲ್ಲ ಗೋಡೆಗೂ ಹೀಗೆ ಕೂರಿಸಿದ ಮೇಲೆ ಮೇಸ್ತ್ರಿ ಒಂದು ಕೂಗು ಹಾಕುತ್ತಾನೆ, ಎಲ್ಲರೂ ಒಟ್ಟಿಗೆ ಅಷ್ಟೇ ಅಳತೆಗೆ ತಿರುಗಿಸಬೇಕು. ಒಬ್ಬ ಹೆಚ್ಚು ತಿರುಗಿಸಿದರೆ ಗೋಡೆ ಬಿರುಕು. ನಾವು ನಾಲ್ಕು ಜನ ಪುರೋಹಿತರು ಕೂತು ಮಂತ್ರ ಹೇಳುವಾಗ ಅಷ್ಟು ಒಂದೇ ಸ್ವರ ಇರುವುದಿಲ್ಲ! ದೂರದ ಬಿಹಾರದ ಹುಡುಗರು. ನಾನು ಸಂಕಲ್ಪ ಮಾಡಿಸುವ ಮೊದಲೇ ಅವರು ಮೊದಲ ಜ್ಯಾಕಿಗೆ ಕುಂಕುಮವಿಟ್ಟು ಊದುಬತ್ತಿ ಹಚ್ಚಿ, ವಿಶ್ವಕರ್ಮನ ಹೆಸರು ಹೇಳಿ ಕಾಯಿ ಒಡೆದಿದ್ದರು. ಆಮೇಲೆ ಇಡೀ ಮನೆಯ ಭಾರದ ಕೆಳಗೆ ತೆವಳಿಕೊಂಡು ಹೋದರು. ನೀವು ಬಲಿ, ಶಾಂತಿ ಎಂದು ಏನೆಲ್ಲ ಕೇಳಿದ್ದೀರಿ. ಆ ಹುಡುಗರಿಗೆ ಹೆಲ್ಮೆಟ್ಟು, ವಿಮೆ ಇದೆಯೇ ಎಂದು ಮೊದಲು ಕಾಂಟ್ರಾಕ್ಟರನ್ನು ಕೇಳಿ. ಕೆಲಸ ಮುಗಿಯುವವರೆಗೆ ವಾರಕ್ಕೊಂದು ದಿನವಾದರೂ ನಿಮ್ಮ ಮನೆಯಿಂದ ಅವರಿಗೆ ಬಿಸಿ ಊಟ ಹೋಗಲಿ.

ಇನ್ನು ಕರ್ಮದ ಭಾಗ. ಕೆಲಸ ಶುರುವಾಗುವ ಮುಂಚೆ ಒಂದು ಒಳ್ಳೇ ದಿನ ಗಣಪತಿ ಪೂಜೆ ಮಾಡಿ, ಕುಲದೇವರಿಗೆ ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ಮುಡುಪು ತೆಗೆದಿಡಿ. ಭೂಮಿಗೆ ಹಾಲು ಬಿಟ್ಟು ಕ್ಷಮೆ ಕೇಳಿ. ಮರ ಕಡಿಯುವ ಮುನ್ನ ಅದರಲ್ಲಿ ವಾಸವಾಗಿರುವ ಜೀವಗಳಿಗೆ ಪೂಜೆ ಸಲ್ಲಿಸಿ, ಬೇರೆಡೆ ಹೋಗಿ ಎಂದು ಪ್ರಾರ್ಥಿಸಬೇಕೆಂದು ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಹೇಳಿದ್ದಾನೆ. ನಲವತ್ತೈದು ವರ್ಷದ ಪಾಯದ ಸಂದಿಯಲ್ಲಿ ಇರುವೆ, ಹಲ್ಲಿ, ಕಪ್ಪೆ ಏನೇನೋ ಸಂಸಾರ ಹೂಡಿರುತ್ತವೆ, ಅವಕ್ಕೂ ಅದೇ ಪ್ರಾರ್ಥನೆ ಸಲ್ಲುತ್ತದೆ.

ನವರತ್ನ, ಪಂಚಲೋಹ ಶಂಕುಸ್ಥಾಪನೆಯ ದಿನ ಭೂಮಿಗೆ ಅರ್ಪಿಸಿದ್ದು. ಕೊಟ್ಟದ್ದನ್ನು ವಾಪಸು ಕೇಳುವುದಿಲ್ಲವಲ್ಲ, ಅದು ಅಲ್ಲೇ ಇರಲಿ. ಅಗೆಯುವಾಗ ಸಿಕ್ಕಿದರೆ ತೊಳೆದು, ಅದೇ ಈಶಾನ್ಯದಲ್ಲಿ ಹೊಸ ಬುಡದೊಳಗೆ ಮತ್ತೆ ಇಡಿ. ಸಿಗದಿದ್ದರೆ ಹುಡುಕಿಸುತ್ತಾ ಕೂರಬೇಡಿ. ತುಳಸಿಕಟ್ಟೆ ಮನೆಯ ಜೊತೆ ಏಳುವುದಿಲ್ಲ. ಗಿಡವನ್ನು ಬುಡದ ಮಣ್ಣಿನ ಸಮೇತ ಕುಂಡಕ್ಕೆ ಹಾಕಿ, ನೀವು ಹೋಗುವಲ್ಲಿಗೆ ಒಯ್ಯಿರಿ.

ದೇವರ ವಿಷಯ. ದೇವಸ್ಥಾನದಲ್ಲಿ ಜೀರ್ಣೋದ್ಧಾರ ನಡೆಯುವಾಗ ಗರ್ಭಗುಡಿಯ ದೇವರನ್ನು ಬಾಲಾಲಯವೆಂಬ ಚಿಕ್ಕ ಗುಡಿಗೆ ಆವಾಹಿಸಿ ಅಲ್ಲಿ ಪೂಜೆ ನಡೆಸುತ್ತಾರೆ. ಮನೆಯಲ್ಲೂ ಅದೇ ಮಾದರಿ, ಮಂತ್ರತಂತ್ರ ಅಷ್ಟು ಬೇಡ ಅಷ್ಟೇ. ಬೆಳಗಿನ ಪೂಜೆ ಮುಗಿಸಿ, ದೇವರ ಪೆಟ್ಟಿಗೆ ಒಬ್ಬರು, ಹಚ್ಚಿದ ದೀಪ ಒಬ್ಬರು ಹಿಡಿದು ಬಾಡಿಗೆ ಮನೆಗೆ ಹೋಗಿ. ಸಾಲಿಗ್ರಾಮವಿದ್ದರೆ ಒಂದು ದಿನವೂ ನೈವೇದ್ಯ ತಪ್ಪಬಾರದು. "ಎತ್ತುವಾಗಲೂ ಒಳಗೇ ಇರಬಹುದು, ಏನೂ ಆಗಲ್ಲ" ಎಂದು ಕಾಂಟ್ರಾಕ್ಟರುಗಳು ಹೇಳುವುದುಂಟು. 81 ವರ್ಷದ ತಾಯಿಯವರನ್ನು ಜ್ಯಾಕಿನ ಮೇಲಿರುವ ಮನೆಯಲ್ಲಿ ಮಲಗಿಸಬೇಡಿ. ದೇವರನ್ನೂ ಇಡಬೇಡಿ.

ಕೆಲಸ ಮುಗಿದ ಮೇಲೆ ಪ್ರವೇಶ. ಮುಹೂರ್ತಗ್ರಂಥಗಳಲ್ಲಿ ಗೃಹಪ್ರವೇಶ ಮೂರು ಬಗೆ: ಹೊಸ ಮನೆಗೆ ಅಪೂರ್ವ, ಯಾತ್ರೆಯಿಂದ ಮರಳಿ ಬಂದಾಗ ಸಪೂರ್ವ, ಬೆಂಕಿ, ನೀರು ಮುಂತಾದವುಗಳಿಂದ ಕೆಟ್ಟು ದುರಸ್ತಿಯಾದ ಮನೆಗೆ ದ್ವಂದ್ವ. ನಿಮ್ಮದು ಈ ಮೂರನೆಯದು. ಇದಕ್ಕೆ ನಿಯಮ ಸಡಿಲ, ಶ್ರಾವಣ, ಕಾರ್ತಿಕ, ಮಾರ್ಗಶಿರ ಮಾಸಗಳೂ ಆಗುತ್ತವೆ. ಪುಣ್ಯಾಹ, ವಾಸ್ತುಶಾಂತಿ, ರಕ್ಷೋಘ್ನ ಹೋಮ, ಹಾಲುಕ್ಕಿಸುವುದು, ಇಷ್ಟು ಸಾಕು. ಛತ್ರ ಹಿಡಿದು ಐನೂರು ಜನಕ್ಕೆ ಊಟ ಹಾಕಬೇಕಿಲ್ಲ. ಸಂಪ್ರದಾಯ ಭೇದ ಇದ್ದೇ ಇದೆ. ಗುರುಪಾದಪೂಜೆ ಮಾಡಿಸುವ ಮನೆತನದವರು ಹಾಗೇ ಮಾಡಲಿ, ನಿಮ್ಮ ಮನೆಯ ಪುರೋಹಿತರ ಮಾತೇ ಕೊನೆಯದು. ಕೆಲಸವನ್ನು ಮಾತ್ರ ಮಾಘದ ಹೊತ್ತಿಗೆ ಶುರುಮಾಡಿ ಮಳೆಗಾಲಕ್ಕೆ ಮುಂಚೆ ಮುಗಿಸಿ. ಅಗೆದ ಪಾಯಕ್ಕೆ ಮಳೆ ನೀರು ಇಳಿದರೆ ಯಾವ ಶಾಂತಿಯೂ ತಡೆಯುವುದಿಲ್ಲ.

ಈಗ ನೀವು ಕೇಳದೆ ಬಿಟ್ಟ ಪ್ರಶ್ನೆ. ನಾಲ್ಕು ಅಡಿಯೋ ಒಂಬತ್ತು ಅಡಿಯೋ? ಒಂಬತ್ತು ಅಡಿ ಎಂದರೆ 108 ಇಂಚು. ಸಂಖ್ಯೆಯೇನೋ ಪವಿತ್ರವೇ. ಆದರೆ ಒಂದು ಮೆಟ್ಟಿಲಿಗೆ ಆರು ಇಂಚು ಇಟ್ಟರೂ ಹದಿನೆಂಟು ಮೆಟ್ಟಿಲು. ನಾಲ್ಕು ಅಡಿಗಾದರೆ ಎಂಟು. (ಮೆಟ್ಟಿಲು ಬೆಸವೋ ಸಮವೋ ಎಂದು ಮುಂದಿನ ಪತ್ರ ಬರೆಯಬೇಡಿ. ಬೆಸ ಬೇಕೆನಿಸಿದರೆ ಒಂಬತ್ತು ಮಾಡಿ ಎತ್ತರ ಕಡಿಮೆ ಮಾಡಿ, ಎರಡೂ ಕಡೆ ಕೈಹಿಡಿ ಇರಲಿ.) ನಿಮ್ಮ ತಾಯಿಯವರು ದಿನಾ ಬೆಳಗ್ಗೆ ರಂಗೋಲಿ ಹಾಕಲು, ತುಳಸಿಗೆ ನೀರೆರೆಯಲು ಇಳಿಯುವವರಲ್ಲವೇ? ಹದಿನೆಂಟು ಮೆಟ್ಟಿಲ ಮೇಲೆ ಹೋದರೆ ಅವರು ಎಷ್ಟು ದಿನ ಇಳಿದಾರು? "ನಾನು ಹೋದ ಮೇಲೆ ಮಾಡ್ಕೊಳ್ಳಿ" ಎಂಬ ಮಾತಿನ ಹಿಂದೆ ವಾಸ್ತುವಿನ ಭಯ ಇದೆ ಎಂದು ನನಗನ್ನಿಸುವುದಿಲ್ಲ. ಯಜಮಾನರು ಕಟ್ಟಿಸಿದ ಮನೆಯಿಂದ ಒಮ್ಮೆ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರುತ್ತೇನೋ ಇಲ್ಲವೋ ಎಂಬ ಅನುಮಾನ ಆ ವಯಸ್ಸಿನಲ್ಲಿ ಎಲ್ಲರಿಗೂ ಇರುತ್ತದೆ. ನಮ್ಮ ಅಜ್ಜಿಗೂ ಇತ್ತು. ಹಳ್ಳಿಯ ಮನೆಯ ಹೆಂಚು ಬದಲಾಯಿಸುವಾಗ ಹದಿನೈದು ದಿನ ದನದ ಕೊಟ್ಟಿಗೆಯಲ್ಲೇ ಮಲಗಿದಳು, ಪಕ್ಕದ ಮನೆಗೆ ಬರಲೊಪ್ಪಲಿಲ್ಲ.

ನಿಮ್ಮ ತಮ್ಮನವರ ಲೆಕ್ಕವೂ ತಪ್ಪಲ್ಲ, ಸಾಲ ತೀರಬೇಕಲ್ಲ. ಇಂಜಿನಿಯರು, ಪಾಲಿಕೆ ಎರಡೂ ಒಪ್ಪಿ ಒಂಬತ್ತು ಅಡಿಯೇ ಎಂದಾದರೆ, ಕೆಳಗಿನ ಎರಡು ರೂಮಿನಲ್ಲಿ ಒಂದು ಅಮ್ಮನದಾಗಲಿ. ಅಂಗಳ ಕಾಣುವ ಕಿಟಕಿ, ಅವರ ಕೈಗೆಟಕುವಂತೆ ಒಂದು ದೇವರ ಗೂಡು. ಮಳೆ ನೀರು ನುಗ್ಗದಂತೆ ಆ ಕೋಣೆಯ ನೆಲವೂ ಈಗಿನ ರಸ್ತೆಗಿಂತ ಎರಡಡಿ ಮೇಲಿರಬೇಕು, ಇಲ್ಲದಿದ್ದರೆ ಮಂಚದ ಮೇಲೆ ಕೂರುವ ರಾತ್ರಿ ಮತ್ತೆ ಬರುತ್ತದೆ. ಅದಕ್ಕೆ ತಕ್ಕಂತೆ ಮನೆಯನ್ನು ಇನ್ನಷ್ಟು ಎತ್ತಬೇಕಾಗುತ್ತದೆ, ಖರ್ಚಿನ ಲೆಕ್ಕಕ್ಕೆ ಅದನ್ನೂ ಈಗಲೇ ಸೇರಿಸಿ. ಮೇಲಿನ ದೇವರಕೋಣೆಯ ನೇರ ಕೆಳಗೆ ಶೌಚಾಲಯ ಬರದಂತೆ ನಕ್ಷೆಯಲ್ಲೇ ನೋಡಿಕೊಳ್ಳಿ. ಕಾರು ನಿಂತರೆ ದೋಷವಿಲ್ಲ. ಅಣ್ಣತಮ್ಮಂದಿರ ಮಾತು ಏನಾಯಿತೋ ಅದನ್ನು ಕಾಗದದಲ್ಲಿ ಬರೆದಿಡಿ. ಹಾಗೇ ನಿಮ್ಮ ಮನೆ ಎದ್ದ ಮೇಲೆ ನಿಮ್ಮಲ್ಲಿಗೆ ನುಗ್ಗುತ್ತಿದ್ದ ನೀರು ಪಕ್ಕದ ತಗ್ಗು ಮನೆಗೆ ಹೋಗಬಾರದು, ಚರಂಡಿಯ ದಾರಿ ಮೊದಲೇ ಮಾಡಿಸಿ.

ಮನೆ ಬಿಡುವ ದಿನ ಹೊಸಿಲಿಗೆ ಅರಿಶಿನ ಕುಂಕುಮ ಅಮ್ಮನ ಕೈಯಿಂದಲೇ ಆಗಲಿ. ಮೆಟ್ಟಿಲು ಹೊಸದಾದರೂ ಆ ಹೊಸಿಲು ಬದಲಾಗುವುದಿಲ್ಲ, ಬಾಗಿಲ ಚೌಕಟ್ಟಿನ ಸಮೇತ ಅದೂ ಮೇಲೇಳುತ್ತದೆ ಎಂದು ಅವರಿಗೆ ಹೇಳಿ. ನಾಲ್ಕು ದಿನಕ್ಕೊಮ್ಮೆ ಕರೆದುಕೊಂಡು ಬಂದು ದೂರದಿಂದ ತೋರಿಸಿ. ಬಾಡಿಗೆ ಮನೆ ಅದೇ ಬೀದಿಯಲ್ಲಿ ಸಿಕ್ಕಿದರೆ ಎರಡು ಸಾವಿರ ಹೆಚ್ಚಾದರೂ ಅದನ್ನೇ ಹಿಡಿಯಿರಿ.

ತಂದೆಯವರ ಶ್ರಾದ್ಧ. ಬೇರೆಯವರ ಭೂಮಿಯಲ್ಲಿ ಶ್ರಾದ್ಧ ಮಾಡಿದರೆ ಆ ಭೂಮಿಯ ಒಡೆಯರ ಪಿತೃಗಳಿಗೆ ಭಾಗ ಹೋಗುತ್ತದೆಂದು ಧರ್ಮಶಾಸ್ತ್ರದಲ್ಲಿ ಹೇಳಿದೆ, ನಿಮ್ಮ ಸಂದೇಹ ಅದೇ ಇರಬೇಕು. ಬಾಡಿಗೆ ಕೊಟ್ಟು ಇರುವ ಮನೆಗೆ ಆ ದೋಷ ತಟ್ಟುವುದಿಲ್ಲ. ಮನಸ್ಸು ಒಪ್ಪದಿದ್ದರೆ ನದೀತೀರ, ದೇವಸ್ಥಾನಗಳಿಗೆ ಒಡೆಯರಿಲ್ಲ, ಅಲ್ಲಿ ಮಾಡಬಹುದು. ಆದರೆ ನಿಮ್ಮ ತಾಯಿಯವರು ಅಷ್ಟು ದೂರ ಬರಲಾರರು. ಆದ್ದರಿಂದ ಬಾಡಿಗೆ ಮನೆಯಲ್ಲೇ, ಅವರು ಅಡುಗೆಮನೆಯಲ್ಲಿ ಕೂತು ಇದಕ್ಕೆ ಉಪ್ಪು ಸಾಲದು, ಅದಕ್ಕೆ ಹುಳಿ ಹೆಚ್ಚಾಯ್ತು ಎಂದು ಹೇಳುವ ಹಾಗೆ ಮಾಡಿ.