ಕರ್ತನ ಬರೋಣ ಹತ್ತಿರ ಇರುವಾಗ 20 ವರ್ಷದ ಪ್ಲ್ಯಾನ್ ಯಾಕೆ?

ಎಲ್ಲರೂ ಕೂತ್ಕೊಳ್ಳಿ.

ಇವತ್ತು ಎರಡು ವಾಕ್ಯಭಾಗ ಇದೆ. ಯೆರೆಮೀಯ 32, ಆಮೇಲೆ ಯೆಶಾಯ 39. ಬೈಬಲ್ ತಂದಿರೋರು ಎರಡು ಕಡೆಗೂ ಬೆರಳಿಟ್ಟುಕೊಳ್ಳಿ. ಮೊಬೈಲಲ್ಲಿ ಓದೋರು ಬೆರಳು ಇನ್‌ಸ್ಟಾಗ್ರಾಂ ಕಡೆ ಹೋಗದ ಹಾಗೆ ನೋಡ್ಕೊಳ್ಳಿ.

ಹೋದ ತಿಂಗಳು ಬೆಳ್ಳಾವಿಯ ಮನೆ ಪ್ರಾರ್ಥನೆಯಲ್ಲಿ ನಾನು ಸೈಟಿನ ವಿಷಯ ಎತ್ತಿದೆ. ನಿಮಗೆಲ್ಲ ಗೊತ್ತು, ನಮ್ಮ ಸಭೆ ಅಲ್ಲೇ ಒಂದು ಮನೆಯ ಹಜಾರದಲ್ಲಿ ಶುರುವಾಯ್ತು. ಈಗ ತುಮಕೂರಲ್ಲಿ ಬಾಡಿಗೆ ಹಾಲ್. ನಿಮ್ಮಲ್ಲಿ ಅರ್ಧ ಜನ ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಹೋಗ್ತೀರಿ, ಇನ್ನರ್ಧ ಜನ ಬೆಳಗಿನ ರೈಲಲ್ಲಿ ಯಶವಂತಪುರಕ್ಕೆ. ಇನ್ನು 20 ವರ್ಷಕ್ಕೆ ಈ ಸಭೆ ಎಲ್ಲಿರುತ್ತೆ, ಯಾರು ನಡೆಸ್ತಾರೆ, ಬೆಳ್ಳಾವಿಯಲ್ಲಿ ಪ್ರಾರ್ಥನೆ ಉಳಿಯುತ್ತಾ ಅಂತ ಕೂತು ಯೋಚಿಸೋಣ ಅಂದೆ. ಒಬ್ಬ ಹಿರಿಯ ಅಣ್ಣ, ನನಗಿಂತ ಎರಡರಷ್ಟು ವರ್ಷ ಕರ್ತನನ್ನು ಹಿಂಬಾಲಿಸಿದವರು, ಮೆಲ್ಲಗೆ ಕೇಳಿದ್ರು: "ಪಾಸ್ಟರೇ, ಕರ್ತನ ಬರೋಣ ಹತ್ತಿರ ಅಂತ ಪ್ರತಿ ಭಾನುವಾರ ನೀವೇ ಹೇಳ್ತೀರಿ. 20 ವರ್ಷದ ಪ್ಲ್ಯಾನ್ ಮಾಡ್ತೀನಿ ಅಂತಾನೂ ನೀವೇ ಹೇಳ್ತೀರಿ. ಇದರಲ್ಲಿ ಯಾವುದನ್ನ ನೀವು ನಿಜವಾಗಿ ನಂಬ್ತೀರಿ?"

ಅಲ್ಲಿ ನನ್ನ ಹತ್ರ ಉತ್ತರ ಇರಲಿಲ್ಲ. ಪ್ರಾರ್ಥನೆ ಮಾಡಿ ಮುಗಿಸಿದ್ವಿ, ಟೀ ಕುಡಿದು ಬಸ್ ಹತ್ತಿದೆ. ಇವತ್ತಿನ ಸಂದೇಶ ಆ ಅಣ್ಣನಿಗೆ ಕೊಡಬೇಕಾಗಿದ್ದ ಉತ್ತರ.

ಅವರ ಪ್ರಶ್ನೆಯನ್ನ ಹಗುರವಾಗಿ ತಗೋಬೇಡಿ. ನಾವು ಪೆಂತೆಕೊಸ್ತಿನವರು ಹುಟ್ಟಿದ್ದೇ ಆ ಅವಸರದಲ್ಲಿ. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಉಜ್ಜೀವನ ಆದಾಗ, ಕರ್ತನು ಇವತ್ತೋ ನಾಳೆಯೋ ಬರ್ತಾನೆ ಅಂತ ನಂಬಿ ಜನ ಹೊರಟುಬಿಟ್ಟರು. ಆಲ್ಫ್ರೆಡ್ ಗಾರ್ ಮತ್ತು ಅವರ ಹೆಂಡತಿ ಲಿಲಿಯನ್ ಕಲ್ಕತ್ತಕ್ಕೆ ಬಂದರು. ಪವಿತ್ರಾತ್ಮನು ಕೊಟ್ಟ ಭಾಷೆಯಲ್ಲೇ ಇಲ್ಲಿನ ಜನರಿಗೆ ಸಾರಬಹುದು ಅನ್ನೋದು ಗಾರ್ ಅವರ ನಂಬಿಕೆ. ಬಂದು ನೋಡಿದರೆ ಹಾಗಾಗಲಿಲ್ಲ. ಆಮೇಲೆ ಹಾಂಗ್‌ಕಾಂಗಿಗೆ ಹೋಗಿ, ಎಲ್ಲರ ಹಾಗೆ ಕೂತು ಭಾಷೆ ಕಲಿಯೋಕೆ ಶುರುಮಾಡಿದರು. ನಗಬೇಡಿ. ಅವರ ಬೆಂಕಿ ಸುಳ್ಳಲ್ಲ. ಆದರೆ ಬೆಂಕಿ ಇದ್ದ ಮಾತ್ರಕ್ಕೆ ಅಕ್ಷರ ಕಲಿಯೋ ಕೆಲಸ ತಪ್ಪಲಿಲ್ಲ ಅನ್ನೋದನ್ನ ಅವರೂ ಒಪ್ಪಿಕೊಂಡರು. ಒಪ್ಪಿಕೊಂಡು ವಾಪಸ್ ಮನೆಗೆ ಹೋಗಲಿಲ್ಲ ನೋಡಿ, ಅದು ನನಗೆ ಇಷ್ಟ.

ಈಗ ಯೆರೆಮೀಯ 32. ಪಟ್ಟಣದ ಸುತ್ತ ಬಾಬಿಲೋನಿನ ಸೈನ್ಯ. ಪ್ರವಾದಿ ಕಾರಾಗೃಹದ ಅಂಗಳದಲ್ಲಿ ಬಂದಿ. ಪಟ್ಟಣ ಬಿದ್ದುಹೋಗುತ್ತೆ ಅಂತ ಸಾರಿದ್ದಕ್ಕೇ ಅವನನ್ನ ಅಲ್ಲಿ ಇಟ್ಟಿದ್ದು. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ಹೊಲ ತಗೋ ಅಂತಾನೆ. ಆ ಹೊಲ ಇರೋದು ಶತ್ರು ಮುತ್ತಿಗೆ ಹಾಕಿರೋ ನಾಡಲ್ಲಿ! ಇಂಥ ಜಾಗಕ್ಕೆ ಯಾವ ಬ್ಯಾಂಕೂ ಲೋನ್ ಕೊಡಲ್ಲ. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಕ ಹಾಕಿ ಕೊಟ್ಟ. ಪತ್ರ ಬರೆದ, ಸಾಕ್ಷಿಗಳ ಕೈಯಲ್ಲಿ ರುಜು ಹಾಕಿಸಿದ, ಮುದ್ರೆ ಒತ್ತಿದ ಪ್ರತಿ ಒಂದು, ತೆರೆದ ಪ್ರತಿ ಒಂದು, ಎರಡನ್ನೂ ಬಾರೂಕನ ಕೈಗೆ ಕೊಟ್ಟು, ಬಹಳ ದಿನ ಉಳಿಯೋ ಹಾಗೆ ಮಣ್ಣಿನ ಮಡಕೆಯಲ್ಲಿಡು ಅಂದ. ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿಬಂದವರಿಗೆ ಈ ಅಧ್ಯಾಯ ಚೆನ್ನಾಗಿ ಅರ್ಥ ಆಗುತ್ತೆ. ಬೈಬಲಿನಲ್ಲಿ ಇಷ್ಟು ವಿವರವಾಗಿ ಕ್ರಯಪತ್ರದ ಕೆಲಸ ಬರೆದಿರೋ ಜಾಗ ತೀರಾ ಕಮ್ಮಿ.

ಗಮನಿಸಿ. ನಾಶ ಹತ್ತಿರ ಇದೆ ಅಂತ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವನು ಯೆರೆಮೀಯನೇ. ಪತ್ರವನ್ನ ಜೋಪಾನ ಮಾಡಿಸಿದವನೂ ಅವನೇ. ಆ ಹೊಲದಲ್ಲಿ ಅವನು ಒಂದು ದಿನ ಉತ್ತ ಅಂತ ಎಲ್ಲೂ ಬರೆದಿಲ್ಲ. 43ನೇ ಅಧ್ಯಾಯಕ್ಕೆ ಬಂದರೆ ಜನ ಅವನನ್ನ ಐಗುಪ್ತಕ್ಕೆ ಎಳ್ಕೊಂಡು ಹೋಗಿದ್ದಾರೆ. ಹೊಲ ಬೇರೆ ಯಾರಿಗೋ.

ಅಣ್ಣಾ, ಬರೋಣವನ್ನೂ ನಂಬ್ತೀನಿ, ಪತ್ರವನ್ನೂ ನಂಬ್ತೀನಿ ಅಂತ ಇಲ್ಲಿಂದಲೇ ಹೇಳಬಹುದಿತ್ತು. ಆದರೆ ಪ್ಲ್ಯಾನ್ ಮಾಡಿದವರೆಲ್ಲ ಯೆರೆಮೀಯರಲ್ಲ. ಅದಕ್ಕೇ ಎರಡನೇ ವಾಕ್ಯಭಾಗ.

ಯೆಶಾಯ 39. ಅರಸ ಹಿಜ್ಕೀಯ. ಪ್ಲ್ಯಾನಿಂಗ್ ಗೊತ್ತಿಲ್ಲದ ಮನುಷ್ಯ ಅಲ್ಲ ಇವನು. ಮುತ್ತಿಗೆ ಬಂದರೆ ಪಟ್ಟಣಕ್ಕೆ ನೀರು ಬೇಕಲ್ಲ ಅಂತ ಯೋಚಿಸಿ ಬಂಡೆಯೊಳಗೆ ಸುರಂಗ ಕೊರೆಸಿದ. 2 ಅರಸು 20:20ರಲ್ಲಿದೆ. ಸುಮಾರು 530 ಮೀಟರ್ ಉದ್ದ, ಇವತ್ತಿಗೂ ಯೆರೂಸಲೇಮಿಗೆ ಹೋದವರು ಅದರೊಳಗೆ ಮೊಣಕಾಲುದ್ದ ನೀರಲ್ಲಿ ನಡೀತಾರೆ. ನಿಮ್ಮಲ್ಲಿ ಸಿವಿಲ್ ಓದಿದವರು ಅದರ ವಿಡಿಯೋ ನೋಡಿ, ಆಶ್ಚರ್ಯ ಆಗುತ್ತೆ. ಇಂಥವನಿಗೆ ರೋಗ ಬಂತು, ಅತ್ತ, ದೇವರು ಇನ್ನೂ 15 ವರ್ಷ ಆಯುಸ್ಸು ಕೊಟ್ಟ. ಆಮೇಲೆ ಬಾಬಿಲೋನಿನ ದೂತರು ಬಂದಾಗ ಖಜಾನೆಯೆಲ್ಲ ತೆರೆದು ತೋರಿಸಿದ. ಯೆಶಾಯ ಬಂದು, ಇದೆಲ್ಲ ಒಂದು ದಿನ ಬಾಬಿಲೋನಿಗೆ ಹೋಗುತ್ತೆ, ನಿನ್ನ ಸಂತತಿಯವರನ್ನೂ ಹಿಡ್ಕೊಂಡು ಹೋಗ್ತಾರೆ ಅಂದ. ಹಿಜ್ಕೀಯ ಏನಂದ? ಕರ್ತನ ಮಾತು ಒಳ್ಳೇದೇ ಅಂದ. ಮನಸ್ಸಲ್ಲಿ ಏನಂದುಕೊಂಡ ಅನ್ನೋದನ್ನೂ ವಾಕ್ಯ ಬಿಡದೆ ಬರೆದಿದೆ: ಹೇಗೂ ನನ್ನ ಕಾಲದಲ್ಲಿ ಸಮಾಧಾನ ಇರುತ್ತಲ್ಲ!

ಇದನ್ನ ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತೆ. ತನ್ನ ಸಾವಿನ ಸುದ್ದಿ ಬಂದಾಗ ಗೋಡೆ ಕಡೆ ಮುಖ ತಿರುಗಿಸಿ ಅತ್ತವನು, ಮಕ್ಕಳ ಸುದ್ದಿ ಬಂದಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವನ ಮಗ ಮನಸ್ಸೆ ಪಟ್ಟಕ್ಕೆ ಬಂದಾಗ 12 ವರ್ಷ. ಲೆಕ್ಕ ಹಾಕಿ. ಆ ಹೆಚ್ಚುವರಿ 15 ವರ್ಷದಲ್ಲೇ ಹುಟ್ಟಿದ ಮಗ. ಅಪ್ಪ ಕೆಡವಿದ್ದ ಪೂಜಾಸ್ಥಳಗಳನ್ನೆಲ್ಲ ಆ ಮಗ ತಿರುಗಿ ಕಟ್ಟಿಸಿದ. ನೀರಿಗೆ ಸುರಂಗ ಕೊರೆಸಿದವನು, ಆ ಹುಡುಗನ ಮುಂದಿನ ದಿನಕ್ಕೆ ಏನು ಕೊರೆಸಿದ?

ಹಾಗಾದ್ರೆ, ಪ್ರಿಯರೇ, ನಂಬಿಕೆಯಾ ಪ್ಲ್ಯಾನಾ ಅಂತ ನಾವು ಜಗಳ ಆಡ್ತಿರೋದೇ ತಪ್ಪು ಜಾಗದಲ್ಲಿ. ನನ್ನ ಕಾಲಕ್ಕೆ ಸಾಕು ಅನ್ನೋ ಮನಸ್ಸು ಇದೆಯಲ್ಲ, ಅಪನಂಬಿಕೆ ಕೂತಿರೋದು ಅಲ್ಲಿ. ಅದು ಬರೋಣದ ಭಾಷೆಯನ್ನೂ ಹಾಕ್ಕೊಳ್ಳುತ್ತೆ. "ಕರ್ತನೇ ಬರ್ತಾನೆ, ಇನ್ಯಾಕೆ ಟ್ರಸ್ಟು ಗಿಸ್ಟು" ಅಂತ ನಾವು ಅನ್ನುವಾಗ, ಅದು ಯಾವಾಗಲೂ ವಿಶ್ವಾಸ ಅಲ್ಲ. ಕೆಲವು ಸಲ ಸೋಮಾರಿತನ. ಕೆಲವು ಸಲ, ಕ್ಷಮಿಸಿ, ಅಧಿಕಾರ ಬಿಡೋಕೆ ಇಷ್ಟ ಇಲ್ಲದಿರೋದು.

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ನಮ್ಮಂಥ ಸ್ವತಂತ್ರ ಸಭೆಗಳಲ್ಲಿ ಜಾಗ ತಗೊಂಡಾಗ ಸಾಮಾನ್ಯವಾಗಿ ಪಾಸ್ಟರ್ ಹೆಸರಿಗೆ ಮಾಡಿಬಿಡ್ತೀವಿ. ಸುಲಭ, ಬೇಗ ಆಗುತ್ತೆ, ಮೇಲಾಗಿ ಪಾಸ್ಟರ್ ಮೇಲೆ ಪ್ರೀತಿ. ಆದರೆ ಕ್ರೈಸ್ತರಿಗೆ ಅನ್ವಯಿಸೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ನಾನು ವಿಲ್ ಬರೆಯದೆ ತೀರಿಕೊಂಡರೆ, ನನ್ನ ಹೆಸರಲ್ಲಿರೋದರಲ್ಲಿ ಮೂರನೇ ಒಂದು ಭಾಗ ನನ್ನ ಹೆಂಡತಿಗೆ, ಉಳಿದದ್ದು ಮಕ್ಕಳಿಗೆ. ಸಭೆಗೆ ಅಂತ ಕಾಗದದಲ್ಲಿ ಒಂದು ಅಂಗುಲ ಇರಲ್ಲ. ನನ್ನ ಮಗನಿಗೆ ಈಗ ಆರು ವರ್ಷ. ಅವನು ದೊಡ್ಡವನಾಗಿ ಕರ್ತನನ್ನ ಹಿಂಬಾಲಿಸಲಿ ಅಂತ ದಿನಾ ಪ್ರಾರ್ಥನೆ ಮಾಡ್ತೀನಿ. ಆದರೆ ನಿಮ್ಮ ಕಾಣಿಕೆಯ ಜಾಗವನ್ನ ಆ ಪ್ರಾರ್ಥನೆಗೆ ಒತ್ತೆ ಇಡೋ ಹಕ್ಕು ನನಗಿಲ್ಲ. ಅದಕ್ಕೆ ಹೇಳ್ತಿದ್ದೀನಿ, ನನ್ನ ಹೆಸರಿಗೆ ಬೇಡ. ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್ ಅಂತ ಪತ್ರ ಮಾಡಿ ನೋಂದಾಯಿಸೋಣ, ಇಲ್ಲ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಸಂಘ ಮಾಡೋಣ. ಟ್ರಸ್ಟಿಗಳಲ್ಲಿ ನನ್ನ ಮನೆಯವರು ಬಹುಮತ ಇರಬಾರದು. ಇದು ಲೋಕದ ಕೆಲಸ ಅನ್ನಿಸಿದರೆ ಬಾರೂಕನ ಮಡಕೆ ಜ್ಞಾಪಿಸಿಕೊಳ್ಳಿ.

ಪಕ್ಕದವರನ್ನೂ ಸ್ವಲ್ಪ ನೋಡೋಣ. ಸಿಎಸ್‌ಐನವರನ್ನ ನಾವು ಎಷ್ಟು ತಮಾಷೆ ಮಾಡ್ತೀವಿ. ಉದಾರ ದೇವಶಾಸ್ತ್ರ, ಬರೀ ಕಮಿಟಿ, ಚಪ್ಪಾಳೆ ಇಲ್ಲ, ಅಭಿಷೇಕ ಇಲ್ಲ ಅಂತ. ಅವರ ಜೊತೆ ನನಗೂ ಕೆಲವು ಉಪದೇಶಗಳಲ್ಲಿ ಒಪ್ಪಿಗೆ ಇಲ್ಲ. ಆದರೆ ಆ ಸಭೆ ಆದ ರೀತಿ ಕೇಳಿ. 1919ರಲ್ಲಿ ತರಂಗಂಬಾಡಿಯಲ್ಲಿ ಕೆಲವರು ಸೇರಿ ದಕ್ಷಿಣ ಭಾರತದ ಸಭೆಗಳು ಒಂದಾಗಬೇಕು ಅಂತ ಕರೆ ಕೊಟ್ಟರು. ಮುಂದಾಳತ್ವ ದೋರ್ಣಕಲ್‌ನ ಬಿಷಪ್ ಅಜರಯ್ಯನವರದು. ಒಂದಾಗಿದ್ದು 1947ರ ಸೆಪ್ಟೆಂಬರ್ 27ಕ್ಕೆ. 28 ವರ್ಷದ ಮಾತುಕತೆ! ನಮ್ಮಲ್ಲಿ 28 ದಿನ ಮೀಟಿಂಗ್ ನಡೆದರೆ ಎರಡು ಹೊಸ ಸಭೆ ಹುಟ್ಟಿರುತ್ತೆ. ಗುಬ್ಬಿ, ತುಮಕೂರಿನ ವೆಸ್ಲಿಯನ್ ಸಭೆಗಳೂ ಆ ಐಕ್ಯದೊಳಗೆ ಬಂದವು. ಅಜರಯ್ಯನವರು ಅದನ್ನ ನೋಡಲಿಲ್ಲ. 1945ರ ಜನವರಿ 1ರಂದೇ ನಿದ್ರೆಹೋದರು.

ಇದೇ ತುಮಕೂರಲ್ಲಿ ಯೂನಿಯನ್ ಕೆನರೀಸ್ ಸೆಮಿನರಿ ಅಂತ ಇತ್ತು, ಕನ್ನಡ ಬೋಧಕರನ್ನ ತಯಾರು ಮಾಡೋ ಜಾಗ. 1965ರಲ್ಲಿ ಅದನ್ನ ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿ ಜೊತೆ ಸೇರಿಸಿ ಕರ್ನಾಟಕ ಥಿಯಲಾಜಿಕಲ್ ಕಾಲೇಜ್ ಮಾಡಿದರು. ನಮ್ಮೂರಿನ ಸಂಸ್ಥೆ ನಮ್ಮೂರು ಬಿಟ್ಟು ಹೋಯ್ತು. ಮುಂದಿನ ದಿನಕ್ಕೆ ಯೋಚನೆ ಮಾಡೋದು ಅಂದರೆ ಯಾವಾಗಲೂ ದೊಡ್ಡ ಕಟ್ಟಡ ಅಲ್ಲ. ಒಂದೊಂದು ಸಲ ನಮ್ಮ ಬೋರ್ಡನ್ನ ನಾವೇ ಇಳಿಸೋದು.

ಇನ್ನೊಂದು ಹೇಳಿದರೆ ಕೆಲವರಿಗೆ ಬೇಜಾರಾಗಬಹುದು. ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ತೀರಿಕೊಂಡರು. ಉತ್ತರಾಧಿಕಾರಿ ಯಾರು ಅಂತ 1988ರಲ್ಲೇ ತೀರ್ಮಾನ ಆಗಿತ್ತು. ಅವರ ನಂಬಿಕೆ ಬೇರೆ, ನಮ್ಮದು ಬೇರೆ. ಆದರೆ 30 ವರ್ಷ ಪಕ್ಕದಲ್ಲಿ ಇನ್ನೊಬ್ಬರನ್ನ ನಿಲ್ಲಿಸ್ಕೊಂಡು ಕೆಲಸ ಮಾಡೋಕೆ ಎಂಥ ಮನಸ್ಸು ಬೇಕು! ಮೋಶೆ ತಾನಾಗಿಯೇ ಕೇಳಿಕೊಂಡ, ಈ ಸಭೆ ಕುರುಬನಿಲ್ಲದ ಕುರಿಗಳ ಹಾಗೆ ಆಗದಿರಲಿ ಅಂತ, ಅರಣ್ಯಕಾಂಡ 27. ಯೆಹೋಶುವ ಯಾರನ್ನೂ ನಿಲ್ಲಿಸಿದ್ದು ನಮಗೆ ಕಾಣಲ್ಲ. ಅವನ ನಂತರ ಎದ್ದ ತಲೆಮಾರಿಗೆ ಕರ್ತನೇ ಗೊತ್ತಿರಲಿಲ್ಲ ಅನ್ನುತ್ತೆ ನ್ಯಾಯಸ್ಥಾಪಕರು 2.

ಈಗ ಕಷ್ಟದ ಭಾಗ. ನಾಳೆಗೆ ಅಂತ ತೆಗೆದಿಡೋದು ಇವತ್ತಿನವರ ತಟ್ಟೆಯಿಂದ. ನಿಮ್ಮಲ್ಲಿ ಹಲವರಿಗೆ ಇಎಂಐ ಇದೆ, ತಂಗಿ ಮದುವೆ ಇದೆ. ಇನ್ನೂ ಹುಟ್ಟದ ಮಕ್ಕಳ ಆರಾಧನೆಗೆ ಈಗ ಇರೋರನ್ನ ಎಷ್ಟು ಹಿಂಡಬಹುದು?

ನಾನು ಇದರಲ್ಲಿ ತಪ್ಪು ಮಾಡಿದ್ದೀನಿ. ಎರಡು ವರ್ಷದ ಹಿಂದೆ ಬೆಳ್ಳಾವಿ ಕಡೆಯ ಒಬ್ಬ ಅಮ್ಮ, ಕೂಲಿಗೆ ಹೋಗೋರು, ಗಂಡನ ಆಸ್ಪತ್ರೆ ಖರ್ಚಿಗೆ ಸಹಾಯ ಕೇಳಿದರು. ಬಿಲ್ಡಿಂಗ್ ಫಂಡಲ್ಲಿ ದುಡ್ಡಿತ್ತು. ಅದನ್ನ ಮುಟ್ಟೋ ಹಾಗಿಲ್ಲಮ್ಮ, ಕರ್ತನಿಗೆ ಮೀಸಲು ಅಂದೆ. ಪ್ರಾರ್ಥನೆ ಮಾಡಿ ಕಳಿಸಿದೆ. ಅವರು ಸಂಘದಲ್ಲಿ ಸಾಲ ತಗೊಂಡು ವಾರ ವಾರ ಕಂತು ಕಟ್ಟಿದರು. ಕಟ್ಟುತ್ತಾ ಇದ್ದಾಗಲೂ ಅದೇ ಬಿಲ್ಡಿಂಗ್ ಫಂಡಿಗೆ ಐವತ್ತು ರೂಪಾಯಿ ಹಾಕ್ತಿದ್ದರು. ನನಗೆ ಅದು ಗೊತ್ತಾಗಿದ್ದು ಬಹಳ ತಡವಾಗಿ. ಆಮೇಲೆ ಅವರ ಹತ್ರ ಹೋಗಿ ಕ್ಷಮೆ ಕೇಳಿದೆ. "ಬಿಡಿ ಪಾಸ್ಟರಪ್ಪ, ಆಯ್ತಲ್ಲ" ಅಂದರು.

ನೆಹೆಮೀಯ 5 ಆಗ ನನ್ನನ್ನ ಹೊಡೀತು. ಗೋಡೆ ಕಟ್ಟೋ ಕೆಲಸ ಜೋರಾಗಿ ನಡೀತಿದೆ, ದರ್ಶನ ಇದೆ, ಉತ್ಸಾಹ ಇದೆ. ಬಡವರು ಬಂದು, ಹೊಲ ಒತ್ತೆ ಇಟ್ಟಿದ್ದೀವಿ, ಮಕ್ಕಳನ್ನ ಜೀತಕ್ಕೆ ಬಿಡ್ತಿದ್ದೀವಿ ಅಂತ ಕೂಗ್ತಾರೆ. ನೆಹೆಮೀಯ ಮೊದಲು ಗೋಡೆ ಮುಗೀಲಿ ಅನ್ನಲಿಲ್ಲ. ಸಭೆ ಸೇರಿಸಿ ಸಾಲದ ವಿಷಯ ಇತ್ಯರ್ಥ ಮಾಡಿದ. ತಾನೂ ತನ್ನ ಅಣ್ಣತಮ್ಮಂದಿರೂ ಸಾಲ ಕೊಟ್ಟವರೇ ಅಂತ ಹತ್ತನೇ ವಚನದಲ್ಲಿ ಒಪ್ಪಿಕೊಳ್ತಾನೆ. ಅದಕ್ಕೆ ನನ್ನ ಪ್ರಸ್ತಾಪ: ಬಿಲ್ಡಿಂಗ್ ಫಂಡಿಗೆ ಬರೋ ಪ್ರತಿ ನೂರು ರೂಪಾಯಲ್ಲಿ ಇಪ್ಪತ್ತೈದು ಕಷ್ಟದಲ್ಲಿರೋರ ಡಬ್ಬಿಗೆ. ಕಟ್ಟಡ ತಡ ಆದರೆ ಆಗಲಿ.

ಪ್ಲ್ಯಾನ್ ಕೆಟ್ಟುಹೋದರೆ? ಕೆಡುತ್ತೆ. ಕರ್ತನ ಚಿತ್ತವಿದ್ದರೆ ಅಂತ ಸೇರಿಸಿ ಮಾತಾಡಿ ಅಂತ ಯಾಕೋಬನು ಸುಮ್ಮನೆ ಬರೆಯಲಿಲ್ಲ. 1839ರಲ್ಲಿ ವಿಲಿಯಂ ಆರ್ಥರ್ ಅನ್ನೋ ಇಪ್ಪತ್ತು ವರ್ಷದ ಹುಡುಗ ವೆಸ್ಲಿಯನ್ ಮಿಷನರಿಯಾಗಿ ನಮ್ಮ ಗುಬ್ಬಿಗೆ ಬಂದ. ಆರೋಗ್ಯ ಕೆಟ್ಟು 1841ರಲ್ಲಿ ವಾಪಸ್ ಹೋಗಬೇಕಾಯ್ತು. ಗುಬ್ಬಿಯ ಲೆಕ್ಕದಲ್ಲಿ ಅದು ಸೋಲು. ಅದೇ ಮನುಷ್ಯ 1856ರಲ್ಲಿ 'ದಿ ಟಂಗ್ ಆಫ್ ಫೈರ್' ಅಂತ ಪಂಚಾಶತ್ತಮ ದಿನದ ಬೆಂಕಿಯ ಬಗ್ಗೆ ಪುಸ್ತಕ ಬರೆದ. ಅಜೂಸಾಗೆ 50 ವರ್ಷ ಮುಂಚೆ! ಗುಬ್ಬಿ ಬಸ್ ಸ್ಟ್ಯಾಂಡಲ್ಲಿ ನಿಂತಾಗ ಇದು ನೆನಪಾದರೆ ನನಗೆ ಒಳಗೊಳಗೇ ನಗು ಬರುತ್ತೆ.

ಮುಂದಿನ ಭಾನುವಾರ ಆರಾಧನೆ ಆದಮೇಲೆ, ಊಟ ಇಲ್ಲೇ, ಟ್ರಸ್ಟ್ ಪತ್ರದ ಕರಡನ್ನ ಕನ್ನಡದಲ್ಲಿ ಓದ್ತೀವಿ. ಬೆಳ್ಳಾವಿಯ ಅಮ್ಮಂದಿರು ನಾಲ್ಕು ಗಂಟೆ ಬಸ್ಸಿಗೆ ಹೊರಡಬೇಕು, ಅದಕ್ಕೆ ಒಂದೂವರೆಗೆ ಶುರು. ಆ ಅಣ್ಣನೂ ಬರ್ತಾರೆ, ಮೊದಲ ಪ್ರಶ್ನೆ ಅವರದೇ ಇರಲಿ ಅಂತ ಕೇಳಿಕೊಂಡಿದ್ದೀನಿ. ಲೆಕ್ಕಪತ್ರ ನೋಡೋಕೆ ನಿಮ್ಮಲ್ಲಿ ಇಬ್ಬರು ಬೇಕು, ನನ್ನ ಸಂಬಂಧಿಕರು ಬೇಡ. ಹೆಸರು ಕೊಡೋರು ಹಾಡಿನ ತಂಡದ ಹತ್ರ ಇರೋ ಪುಸ್ತಕದಲ್ಲಿ ಬರೀರಿ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.