ವ್ಯಾಪಾರಿಯ ದೇಶವ್ರತ

ಗೃಹಸ್ಥನಿಗೆ ಉದ್ಯೋಗವು ವರ್ಜ್ಯವಲ್ಲ; ಉದ್ಯೋಗದೊಳಗಿನ ಪ್ರಮಾದವು ವರ್ಜ್ಯ. ಧಾನ್ಯದ ವರ್ತಕನೊಬ್ಬನ ದಿನಚರಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕಿರ್ದಿಯ ಮೊತ್ತವನ್ನು ಕೂಡಿಸುತ್ತಿರುವಾಗ ದೂರವಾಣಿ ಕರೆಯುತ್ತದೆ. ಅದಕ್ಕೆ ಉತ್ತರಿಸುತ್ತಿರುವಾಗ ಗಿರಾಕಿ ದರ ಕೇಳುತ್ತಾನೆ. ದರ ಹೇಳಿ ಮುಗಿಸುವಷ್ಟರಲ್ಲಿ ಹಮಾಲನು ಚೀಲಗಳ ಎಣಿಕೆಗೆ ಕೂಗುತ್ತಾನೆ. ಸಂಜೆಗೆ ಲೆಕ್ಕ ತಾಳೆಯಾಗುವುದಿಲ್ಲ. ಹಮಾಲನ ಕೂಲಿಯಲ್ಲಿ ಎರಡು ಚೀಲದ ಹಣ ಬಿಟ್ಟುಹೋಗಿರುತ್ತದೆ. ವರ್ತಕನಲ್ಲಿ ವಂಚನೆಯ ಬುದ್ಧಿ ಇರಲಿಲ್ಲ. ಆದರೂ ಬಡವನೊಬ್ಬನ ಮನೆಗೆ ಆ ದಿನ ಅಷ್ಟು ಕಡಿಮೆ ಅಕ್ಕಿ ಹೋಯಿತು. ಇದರ ಹೊಣೆ ನಡುವೆ ಬಂದು ಮಾತನಾಡಿಸಿದವರದೋ, ಅದಕ್ಕೆ ಎಡೆಗೊಟ್ಟವನದೋ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮತ್ತಯೋಗವನ್ನೇ ಮೊದಲಿಗಿಟ್ಟಿದ್ದಾರೆ. ಅಳತೆ ತೂಕಗಳ ಹೆಚ್ಚುಕಡಿಮೆಯನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅರಿಯದೆ ಆದ ತಪ್ಪು ಕಳ್ಳತನವಲ್ಲವೆಂಬುದು ನಿಜ. ಆದರೆ ಹೀಗೆ ನಡೆದರೆ ತಪ್ಪಾಗುವುದೆಂದು ತಿಳಿದೂ ದಿನದಿನವೂ ಹಾಗೆಯೇ ನಡೆಯುವುದು ಪ್ರಮಾದವಲ್ಲದೆ ಮತ್ತೇನು?

ಇದಕ್ಕೆ ಪರಿಹಾರವು ಶ್ರಾವಕಾಚಾರದಲ್ಲಿಯೇ ಇದೆ. ದಿಗ್ವ್ರತವು ದಿಕ್ಕುಗಳಿಗೆ ಜೀವನಪರ್ಯಂತದ ಮೇರೆಯನ್ನು ಹಾಕುತ್ತದೆ. ಆ ಮೇರೆಯೊಳಗೆ ಇನ್ನೂ ಕಿರಿದಾದ ಸ್ಥಳವನ್ನು ನಿಯತಕಾಲಕ್ಕೆ ಗೊತ್ತುಮಾಡಿಕೊಳ್ಳುವುದು ದೇಶವ್ರತ. ಉಮಾಸ್ವಾಮಿಗಳು ಇದನ್ನು ಗುಣವ್ರತಗಳಲ್ಲಿಯೂ, ಸಮಂತಭದ್ರಾಚಾರ್ಯರು ದೇಶಾವಕಾಶಿಕವೆಂಬ ಹೆಸರಿನಿಂದ ಶಿಕ್ಷಾವ್ರತಗಳಲ್ಲಿಯೂ ಸೇರಿಸಿದ್ದಾರೆ. ಎಣಿಕೆಯು ಬೇರೆಯಾದರೂ ಆಶಯ ಒಂದೇ. ಈ ವ್ರತದ 5 ಅತಿಚಾರಗಳು ವಿಚಾರಾರ್ಹವಾಗಿವೆ. ತಾನು ಗೆರೆಯನ್ನು ದಾಟದೆ ಹೊರಗಿನ ವಸ್ತುವನ್ನು ತರಿಸುವುದು, ಆಳನ್ನು ಹೊರಗೆ ಕಳುಹಿಸುವುದು, ಶಬ್ದ ಮಾಡಿ ಕರೆಯುವುದು, ರೂಪವನ್ನು ತೋರಿಸಿ ಸೂಚಿಸುವುದು, ಕಲ್ಲು ಮುಂತಾದುದನ್ನು ಎಸೆದು ಗಮನ ಸೆಳೆಯುವುದು. ಶರೀರ ಒಳಗಿದ್ದರೂ ಮನಸ್ಸು ಹೊರಗೆ ಹೋಯಿತೆಂಬುದೇ ಇವೆಲ್ಲವುಗಳ ದೋಷ.

ಇಂದು ಮೊಬೈಲನ್ನು ಕೈಯಲ್ಲಿ ಹಿಡಿದು ಗಾದಿಯ ಮೇಲೆ ಕುಳಿತ ವರ್ತಕನು ಕುಳಿತಲ್ಲಿಂದಲೇ ತರಿಸುತ್ತಾನೆ, ಕಳುಹಿಸುತ್ತಾನೆ, ಕೂಗುತ್ತಾನೆ, ಮುಖವನ್ನೂ ತೋರಿಸುತ್ತಾನೆ. ಅವನಿಗೆ ಅಡ್ಡಿಯನ್ನು ತಂದವರು ಅನೇಕ ವೇಳೆ ಪರರಲ್ಲ. ಅವನೇ ಅದನ್ನು ಕರೆದುಕೊಂಡವನು.

ಹಾಗೆಂದು ದಿನವೆಲ್ಲ ಬಾಗಿಲು ಮುಚ್ಚಿ ಕುಳಿತರೆ ವ್ಯಾಪಾರ ನಡೆಯದು. ಶಾಸ್ತ್ರವೂ ಅಷ್ಟನ್ನು ಕೇಳುವುದಿಲ್ಲ. ಉತ್ತಮ ಸಂಹನನವುಳ್ಳವನಿಗೂ ಏಕಾಗ್ರಧ್ಯಾನವು ಅಂತರ್ಮುಹೂರ್ತಕಾಲ ಮಾತ್ರ ನಿಲ್ಲುವುದೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಮುಹೂರ್ತವೆಂದರೆ 2 ಘಳಿಗೆ, ಅಂದರೆ 48 ನಿಮಿಷ. ಬೆಳಿಗ್ಗೆ ಒಂದು, ಸಂಜೆ ಒಂದು ಮುಹೂರ್ತವನ್ನು ಲೆಕ್ಕಕ್ಕೂ ಕೂಲಿಯ ಬಟವಾಡೆಗೂ ಮೀಸಲಿಟ್ಟು, ಮೊಬೈಲನ್ನು ಗುಮಾಸ್ತನ ವಶಕ್ಕೆ ಕೊಡುವುದು ಯಾವ ಅಂಗಡಿಗೂ ಅಸಾಧ್ಯವಲ್ಲ.

ಆದರೆ ಇದನ್ನು ಸಾಮಾಯಿಕವೆಂದು ಭ್ರಮಿಸಲಾಗದು. ಏಕಾಗ್ರತೆಯೇ ಧರ್ಮವಲ್ಲ, ಮೀನಿಗೆ ಕಾದು ನಿಂತ ಕೊಕ್ಕರೆಗೂ ಏಕಾಗ್ರತೆಯುಂಟು. ಗಳಿಸಿದ ಸ್ವತ್ತನ್ನು ಕಾಯುವ ಒಂದೇ ಚಿಂತೆಯಲ್ಲಿ ಮುಳುಗುವುದು ರೌದ್ರಧ್ಯಾನದ ಒಂದು ಭೇದವೆಂಬುದನ್ನು ಮರೆಯಬಾರದು.

ಆ ನಿಯತಕಾಲದಲ್ಲಿ ಕಷ್ಟದಲ್ಲಿರುವವನು ಬಾಗಿಲಿಗೆ ಬಂದರೆ ಏನು ಮಾಡಬೇಕು? ಇಲ್ಲಿ ಅನರ್ಥದಂಡದ ವಿವೇಕವು ನೆರವಿಗೆ ಬರುತ್ತದೆ. ಪೇಟೆಯ ಗಾಳಿಮಾತು, ಪರನಿಂದೆ, ಹೊತ್ತು ಕಳೆಯುವ ಹರಟೆ ಇವು ಪ್ರಯೋಜನವಿಲ್ಲದ ಅಡ್ಡಿಗಳು. ಇವನ್ನು ತಡೆಯಲೆಂದೇ ಮೇರೆಯನ್ನು ಹಾಕಿದ್ದು. ಚೀಲ ಬಿದ್ದು ಹಮಾಲನ ಕಾಲಿಗೆ ಪೆಟ್ಟಾಗಿದ್ದರೆ ಲೇಖನಿಯನ್ನು ಕೆಳಗಿಟ್ಟು ತಕ್ಷಣ ಏಳುವುದೇ ಧರ್ಮ. ಲೆಕ್ಕದಲ್ಲಿ ಯಾರ ಪಾಲಿಗೂ ಅನ್ಯಾಯವಾಗಬಾರದೆಂದು ಹಾಕಿಕೊಂಡ ಮೇರೆಯು ಅವನ ನೋವಿಗೆ ಗೋಡೆಯಾಗುವುದು ಸಲ್ಲದು.

ಕೂಲಿಯವನಿಗೆ "ಈಗ ಹೊತ್ತಲ್ಲ" ಎಂದವನು ಮರುಕ್ಷಣವೇ ದಲಾಲಿಯ ಕರೆಗೆ ಓಗೊಟ್ಟರೆ, ಅವನ ನಿಯಮವು ನಿಯಮವಲ್ಲ, ನೆಪ. ಯಾರಿಗಾಗಿ ಮೇರೆಯನ್ನು ಸಡಿಲಿಸಿದೆನು, ಯಾರಿಗಾಗಿ ಬಿಗಿಗೊಳಿಸಿದೆನು ಎಂದು ಪ್ರತಿಸಂಜೆಯೂ ಕಿರ್ದಿಯನ್ನು ಮುಚ್ಚುವ ಮುನ್ನ ವರ್ತಕನು ತನ್ನನ್ನು ಕೇಳಿಕೊಳ್ಳಲಿ. ಆ ಲೆಕ್ಕವೂ ತಾಳೆಯಾದ ದಿನವೇ ಅವನ ವ್ಯಾಪಾರವು ಶ್ರಾವಕನ ವ್ಯಾಪಾರವೆನಿಸುತ್ತದೆ.